ಮುಟ್ಟದೆ ಮಾಡುವ ಕೆಲಸ

"ಪರಸಪ್ಪ, ಸ್ವಲ್ಪ ಇತ್ತ ಬಾ" ಎಂದು ಶಂಕ್ರೆಪ್ಪ ಸಾವಕಾರರು ಜನರೇಟರಿನ ಹಿಂದಕ್ಕೆ ಕರೆದಾಗಲೇ ಗೇಟು ಕಾಯುವ ಪರಸಪ್ಪನಿಗೆ ಇದು ಬರೀ ಮಾತಿಗಲ್ಲ ಎಂದು ತಿಳಿಯಿತು. ಅವರ ಬಾಯಲ್ಲಿ ಅವನು ಇಷ್ಟು ವರ್ಷವೂ ಪರಸ್ಯಾ. ಹೆಸರು ಪೂರಾ ಬಂತೆಂದರೆ ಏನೋ ಕೇಳುವುದಿದೆ ಎಂದೇ ಅರ್ಥ. ಹಿಂದೊಮ್ಮೆ ಘೋಣಸಗಿಯ ದಾರಿಗೆ ಹತ್ತಿಕೊಂಡಿದ್ದ ಅವನ ಹೊಲದ ತುಂಡು ಬೇಕಾದಾಗಲೂ ಹೀಗೇ ಪೂರಾ ಹೆಸರು ಹಿಡಿದು ಕರೆದಿದ್ದರು. ಈಗ ಅಲ್ಲಿ ಸಾವಕಾರರ ದ್ರಾಕ್ಷಿ ತೋಟ, ಊರವರ ಬಾಯಲ್ಲಿ ಪಡ, ಇದೆ.

ಗೇಟಿನ ಕೀಲಿಗಳನ್ನು ಜೇಬಿಗೆ ಹಾಕಿಕೊಂಡು ಪರಸಪ್ಪ ಹೋದ. ಜನರೇಟರು ಬಂದ್ ಇತ್ತು. ಕಾದ ತಗಡಿನ ವಾಸನೆ, ಹಳೆಯ ಡೀಸೆಲ್ಲಿನ ವಾಸನೆ. ತಿಕೋಟಾದ ಸಾವಕಾರರ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ, ಹೊಸ ಕಂಪ್ಯೂಟರ್ ಮಷೀನುಗಳ ಉದ್ಘಾಟನೆಗೆಂದು, ಬೆಳಗಿನಿಂದ ಗದ್ದಲವೋ ಗದ್ದಲ. ಪೆಂಡಾಲಿನವರು ಗೂಟ ಬಡಿಯುತ್ತಿದ್ದರು, ಅಡುಗೆಯವರು ಹೂರಣ ರುಬ್ಬುತ್ತಿದ್ದರು, ಮೈಕಿನವನು ಒಂದೇ ಸಮನೆ ಹಲೋ ಹಲೋ ಅನ್ನುತ್ತಿದ್ದ. ಯಾರ ಕಿವಿಗೂ ಬೀಳದ ಹಾಗೆ ಮಾತಾಡಲು ಜನರೇಟರಿನ ಹಿಂದಿನ ಸಂದಿ ಒಂದೇ ಉಳಿದಿತ್ತು.

ಸಾವಕಾರರು ಮೊದಲು ಪರಸಪ್ಪನ ಹೆಂಡತಿ ಸೀತವ್ವನ ಮೊಣಕಾಲು ನೋವು ವಿಚಾರಿಸಿದರು. ಮಗ ರಾಜಾರಾಮನ ಕೆಲಸವನ್ನು ಬಾಯಿ ತುಂಬ ಹೊಗಳಿದರು. ವಿಜಾಪುರದಲ್ಲಿ, ಜಲನಗರದ ಅವರ ಮನೆಯ ನೆರೆಹೊರೆಯವರು ಇಂಥ ಹುಡುಗನನ್ನು ಎಲ್ಲಿಂದ ಹಿಡಿದು ತಂದಿರಿ ಎಂದು ಕೇಳುತ್ತಾರಂತೆ. ಆಮೇಲೆ ದನಿ ಇಳಿಸಿದರು. ತಾಯಿ ಕಾಶಿಬಾಯಿ ನಸುಕಿನಿಂದ ಉಪವಾಸ ಇದ್ದಾಳೆ. ಮಷೀನಿನ ಕೋಣೆಗೆ ಗೋಮೂತ್ರ ಚಿಮುಕಿಸಿ ಕಲಶ ಕೂರಿಸಿದ್ದಾಳೆ. ಅಯ್ಯನವರು ಒಳಗೇ ಕೂತು ಪೂಜೆ ಮಾಡುವವರು, ಊರ ಹಿರಿಯರೂ ಬರುವವರು. ಹೀಗಿರುವಾಗ ರಾಜಾರಾಮ ಇವತ್ತೊಂದು ದಿನ ಹೊರಗೆ ಕೂತು ಕೆಲಸ ಮಾಡಿದರೆ ಯಾರ ಮನಸ್ಸಿಗೂ ನೋವಿಲ್ಲ ಎಂದರು.

ಪರಸಪ್ಪ ತಲೆ ತಗ್ಗಿಸಿದ. ಕಾಲಿನ ಹತ್ತಿರ ಬಿದ್ದಿದ್ದ ಒಂದು ನಟ್ಟನ್ನು ನೋಡುತ್ತ ನಿಂತ.

"ಅವನಽ ಹೇಳ್ಯಾನಲ್ಲಪಾ, ಮುಟ್ಟೂದಽ ಬ್ಯಾಡ ಅಂತ" ಎಂದರು ಸಾವಕಾರರು. "ಬೇವಿನ ಗಿಡದ ಕೆಳಗ ಕುಂತು ಮಾಡಿ ತೋರ್ಸಿದ್ನೋ ಇಲ್ಲೋ? ಇವತ್ತೂ ಅಲ್ಲೇ ಕುಂತು ಮಾಡ್ಲಿ. ಅವ ಒಳಗದಾನೋ ಹೊರಗದಾನೋ, ಮಷೀನಿಗೇನು ಗೊತ್ತಾಗತೈತಿ?"

ಆ ಒಂದು ಮಾತನ್ನು ಮಗನಿಗೆ ನೀವೇ ಹೇಳಿಬಿಡಿರೆಂದು ಪರಸಪ್ಪ ಬೇಡಿಕೊಂಡ. ಸಾವಕಾರರು ಅಂಗಳದ ಕಡೆ ಒಮ್ಮೆ ಕಣ್ಣು ಹಾಯಿಸಿ ತಲೆ ಅಲ್ಲಾಡಿಸಿದರು.

"ನಾ ಹೇಳಿದ್ರ ಅದು ಬ್ಯಾರೇನಽ ಆಗತೈತಿ. ಈಗಿನ ಕಾಲ ಹೆಂಗೈತಿ ನಿನಗ ಗೊತ್ತೈತಿ. ಕೇಸು ಅಂತಾರ, ಪೇಪರಿನಾಗ ಹಾಕ್ತಾರ. ನೀ ತಂದಿ ಅದಿ. ನೀ ಹೇಳಿದ್ರ ಮನಿ ಮಾತು ಮನ್ಯಾಗಽ ಮುಗೀತೈತಿ. ನನ್ನ ಹೆಸರು ತಗೀಬ್ಯಾಡ. ನಿನ್ನ ಮಾತು ಅಂತಽ ಹೇಳು."

ಹೋಗುತ್ತ ಹೋಗುತ್ತ, ರಾಜಾರಾಮನ ಕೆಲಸ ಖಾಯಂ ಮಾಡುವುದು ತಮ್ಮ ನೆನಪಿನಲ್ಲಿದೆ ಎಂದೂ ಸೇರಿಸಿದರು. ಧೋತರದ ಚುಂಗನ್ನು ಎತ್ತಿ ಹಿಡಿದು, ಎಣ್ಣೆಯ ಕಲೆ ತಾಗದಂತೆ ಹೆಜ್ಜೆ ಹಾಕುತ್ತ ಪೆಂಡಾಲಿನ ಕಡೆ ನಡೆದರು.

ಪರಸಪ್ಪ ಅಲ್ಲೇ ನಿಂತ. ಇದೆಲ್ಲ ಸುರುವಾದದ್ದು ಹೋದ ಹಂಗಾಮಿನಲ್ಲಿ. ಯಾವ ರೈತನ ಒಣದ್ರಾಕ್ಷಿ ಯಾವ ಕೋಣೆಯಲ್ಲಿದೆ, ಕೋಣೆಯ ಥಂಡಿ ಎಷ್ಟಿದೆ, ತಿಕೋಟಾದ್ದು, ಬಬಲೇಶ್ವರದ್ದು, ಎಲ್ಲ ವಿವರವೂ ಆಗ ಎಲ್ಲಿಯೋ ದೂರದ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಆ ಕಡೆಯ ಲೈನು ಕೆಟ್ಟು ಇಲ್ಲಿ ಎಲ್ಲ ನಿಂತುಹೋಯಿತು. ಮಾಲು ಬಿಡಿಸಿಕೊಳ್ಳಲು ಬಂದ ರೈತರು ಗೇಟಿನಲ್ಲಿ ಪರಸಪ್ಪನ ಮೈಮೇಲೆ ಬಂದರು. ಆಗ ರಾಜಾರಾಮನೇ ಸಾವಕಾರರಿಗೆ ಹೇಳಿದ್ದು: ಯಾರದೋ ಮಷೀನು ಯಾಕೆ, ನಮ್ಮದೇ ಮಷೀನುಗಳನ್ನು ತಂದು ತಿಕೋಟಾದಲ್ಲಿ ಇಡೋಣ, ಬಬಲೇಶ್ವರದ ಸ್ಟೋರೇಜು, ಜಲನಗರದ ಆಫೀಸು ಎಲ್ಲ ಅದರ ಮೇಲೆಯೇ ನಡೆಯುತ್ತವೆ ಎಂದು. ಅದಕ್ಕೆ ಖಾಸಗಿ ಕ್ಲೌಡು ಅನ್ನುತ್ತಾರೆ ಎಂದ. ಕ್ಲೌಡು ಅಂದರೆ ಮೋಡ ಎಂದು ತಿಳಿದ ದಿನದಿಂದ ಡ್ರೈವರ್ ಮೌಲಾಸಾಬನಿಗೆ ನಗು ತಡೆಯದಾಯಿತು. "ಭೂಮಿ ಕೊಂಡ್ರು, ನೀರು ಕೊಂಡ್ರು, ಮೋಡ ಒಂದು ಉಳಿದಿತ್ತು ನೋಡು ಪರಸಣ್ಣ. ಇನ್ನ ಮಳಿ ಸಾವಕಾರ್ರ ಪಡಕ್ಕಷ್ಟಽ ಆಗತೈತಿ" ಎಂದು ಕಂಡಕಂಡಲ್ಲಿ ಅನ್ನುತ್ತಿದ್ದ.

ರಾಜಾರಾಮ ವಿಜಾಪುರದಲ್ಲಿ ಡಿಪ್ಲೊಮಾ ಮುಗಿಸಿ, ಸೊಲ್ಲಾಪುರದ ಒಂದು ಮಿಲ್ಲಿನಲ್ಲಿ ಕಂಪ್ಯೂಟರು ನೋಡಿಕೊಂಡಿದ್ದವನು. ತಾಯಿಯ ಕಾಲು ಕೆಟ್ಟ ಮೇಲೆ ತಿರುಗಿ ಬಂದು ಇಲ್ಲಿ ಕಂತ್ರಾಟಿನ ಮೇಲೆ ಸೇರಿದ. ಮಷೀನುಗಳು ಲಾರಿಯಲ್ಲಿ ಬಂದ ದಿನ ಹಮಾಲರು ಎಲ್ಲಿ ಎತ್ತಿ ಒಗೆಯುತ್ತಾರೋ ಎಂದು ಹೆದರಿ, ತಾನೇ ಬೆನ್ನು ಕೊಟ್ಟು ಒಂದೊಂದನ್ನೂ ಪಡಸಾಲೆಯ ಕೊನೆಯ ಕೋಣೆಗೆ ಹೊತ್ತು ಹಾಕಿದ. ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಕೂರಿಸಿ ಸ್ಕ್ರೂ ಬಿಗಿದ. ಆ ದಿನ ಕಾಶಿಬಾಯಿ ಅವನಿಗೆ ನೀರು ಮಜ್ಜಿಗೆಯನ್ನೂ ಕಳಿಸಿದ್ದಳು. ಹೊರುವುದಕ್ಕೆ ಯಾರದೂ ತಕರಾರು ಇರಲಿಲ್ಲ.

ಒಂದೊಂದೇ ಮಷೀನಿನ ಮುಂದೆ ಕೂತು ಅದಕ್ಕೆ ಕೆಲಸ ಕಲಿಸುವುದು ಹಳೆಯ ಪದ್ಧತಿಯಂತೆ. ಹಾಗೆ ಮಾಡಿದರೆ ಇವತ್ತು ಒಂದರಲ್ಲಿ ಒಂದು ತಪ್ಪು, ನಾಳೆ ಇನ್ನೊಂದರಲ್ಲಿ ಮತ್ತೊಂದು ತಪ್ಪು. ಅದಕ್ಕೇ ರಾಜಾರಾಮ ಮಾಡಬೇಕಾದ್ದನ್ನೆಲ್ಲ ಮೊದಲೇ ಸಾಲಾಗಿ ಬರೆದಿಟ್ಟ. ಸ್ಕ್ರಿಪ್ಟು ಅನ್ನುತ್ತಿದ್ದ. ಪರಸಪ್ಪನಿಗೆ ತಿಳಿಯುವ ಹಾಗೆ ಹೇಳಿಯೂ ಇದ್ದ. ಆಳಿಗೆ ಮುಂಜಾನೆ ಹೇಳಿ ಕಳಿಸುತ್ತಾರಲ್ಲ, ಮೊದಲು ಇದು ಮಾಡು, ಅದಾದ ಮೇಲೆ ಅದು ಮಾಡು, ಆಗದಿದ್ದರೆ ನಿಂತು ನನಗೆ ತಿಳಿಸು ಎಂದು, ಹಾಗೇ ಇದು. ಕಂಪ್ಯೂಟರಿನ ಒಂದು ಕೀಲಿ ಒತ್ತಿದರೆ ಸಾಕು, ಮಷೀನುಗಳು ತಮ್ಮಷ್ಟಕ್ಕೆ ತಾವೇ ಬೇಕಾದ್ದನ್ನು ಹಾಕಿಕೊಂಡು, ಒಂದನ್ನೊಂದು ಗುರುತು ಹಿಡಿದು, ಭಾರ ಹಂಚಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಓ ಅನ್ನದಿದ್ದರೂ ಉಳಿದವು ಇದ್ದಲ್ಲೇ ನಿಂತು ಕಾಯಬೇಕು. ಒಂದನ್ನು ಹಿಂದೆ ಬಿಟ್ಟು ಮುಂದೆ ಹೋಗಬಾರದು. ಹಾಗೆಂದೇ ಬರೆದಿದ್ದೇನೆ ಅಂದಿದ್ದ.

ಅದನ್ನು ಸಾವಕಾರರಿಗೆ ತೋರಿಸಿದ ದಿನ ಪರಸಪ್ಪನೂ ಇದ್ದ. ಕೋಣೆಗೆ ಬೀಗ ಹಾಕಿತ್ತು, ಕೀಲಿ ಅವನ ಜೇಬಿನಲ್ಲೇ ಇತ್ತು. ರಾಜಾರಾಮ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಒಂದರ ಹಿಂದೆ ಒಂದು ಹಸಿರು ದೀಪಗಳು ಮಿನುಗಹತ್ತಿದವು. "ಮುಟ್ಟೂದಽ ಬ್ಯಾಡ್ರಿ ಸಾವಕಾರ್ರ" ಎಂದು ರಾಜಾರಾಮ ನಕ್ಕಿದ್ದ. ಕಲಿತವನ ಹೆಮ್ಮೆ, ಅದರಲ್ಲಿ ತಪ್ಪೇನಿತ್ತು? ಪರಸಪ್ಪನಿಗೂ ಎದೆ ಉಬ್ಬಿತ್ತು. ಸಾವಕಾರರೂ ನಕ್ಕಿದ್ದರು. ಅವರು ಯಾವ ಮಾತಿಗೆ ನಕ್ಕಿದ್ದರೆಂದು ಈಗ ಜನರೇಟರಿನ ಹಿಂದೆ ನಿಂತಾಗ ತಿಳಿಯಿತು. ಅದೇ ಕಟ್ಟೆಯ ಮುಂದೆ ನಿಂತು, ಎಲ್ಲರೂ ಕೇಳುವ ಹಾಗೆ, ಉದ್ಘಾಟನೆಯ ದಿನ ಕೋಣೆಯೊಳಗಿನ ಕುರ್ಚಿಯಲ್ಲಿ ಕೂತು ಆ ಕೀಲಿ ಒತ್ತುವವನು ರಾಜಾರಾಮನೇ ಎಂದು ಅವರು ಮಾತು ಕೊಟ್ಟಿದ್ದರು.

ಆ ಮಾತನ್ನು ಪರಸಪ್ಪ ಘೋಣಸಗಿಯಲ್ಲಿ ಹೇಳದ ಮನೆಯಿಲ್ಲ. ಚಾದಂಗಡಿಯಲ್ಲಿ ಹೇಳಿದ್ದ, ಬಸ್ಸಿನಲ್ಲಿ ಹೇಳಿದ್ದ, ಕೇಳದವರನ್ನು ತಡೆದು ನಿಲ್ಲಿಸಿ ಹೇಳಿದ್ದ. ಸೀತವ್ವ ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಇವತ್ತು ಅದನ್ನೇ ಉಟ್ಟು ಮಗನ ಬೈಕಿನ ಹಿಂದೆ ಕೂತು ಬಂದಿದ್ದಳು.

ರಾಜಾರಾಮ ಪಡಸಾಲೆಯ ಮೆಟ್ಟಿಲ ಮೇಲೆ ಕೂತಿದ್ದ. ಹೊಸ ಅಂಗಿ, ಹೆಂಡತಿ ಮಾಲಾ ಇಸ್ತ್ರಿ ಹಾಕಿ ಕಳಿಸಿದ್ದು. ಕೋಣೆಯ ನೆಲ ಒರೆಸಿದ್ದಾರೆ, ಆರಲಿ, ಆಮೇಲೆ ಒಳಗೆ ಬಾ ಎಂದು ಯಾರೋ ಅಂದಿದ್ದರಂತೆ. ಅದಕ್ಕೆ ಬೂಟು ಬಿಚ್ಚಿ ಜೋಡಿಸಿಟ್ಟು, ಕಾಲುಚೀಲವನ್ನೂ ಮಡಚಿ ಅದರೊಳಗಿಟ್ಟು, ಲ್ಯಾಪ್‌ಟಾಪು ಹಿಡಿದು ಕಾಯುತ್ತಿದ್ದ. ಪಕ್ಕದ ಕಂಬಕ್ಕೆ ಒರಗಿ ಸೀತವ್ವ ಮೊಣಕಾಲು ನೀವಿಕೊಳ್ಳುತ್ತಿದ್ದಳು.

ಪರಸಪ್ಪ ಮೊದಲು ಬಿಸಿಲಿನ ಮಾತಾಡಿದ. ಆಮೇಲೆ ಪೆಂಡಾಲಿನ ಮಾತಾಡಿದ. ರಾಜಾರಾಮ ಹ್ಞೂಂ ಅನ್ನುತ್ತ ಒಳಗಿನ ನೆಲವನ್ನೇ ನೋಡುತ್ತಿದ್ದ.

"ರಾಜ್ಯಾ, ನೀ ಹೊರಗಽ ಕುಂತು ಮಾಡಿಬಿಡಲಾ. ಗಿಡದ ಕೆಳಗ ಗಾಳಿ ಚಲೋ ಬರತೈತಿ."

ಚೇಷ್ಟೆ ಎಂದುಕೊಂಡು ರಾಜಾರಾಮ ನಕ್ಕ. ಅಪ್ಪನ ಮುಖ ನೋಡಿ ನಗು ನಿಂತಿತು.

"ಯಾರು ಹೇಳಿದ್ರು?"

"ಯಾರೂ ಇಲ್ಲ."

"ಯಪ್ಪಾ, ಯಾರು ಹೇಳಿದ್ರು ಹೇಳು."

"ನಂದಽ ಮಾತು" ಎಂದ ಪರಸಪ್ಪ. "ಒಳಗ ಹಿರ್ಯಾರು ಇರತಾರ, ಮಡಿ ಗಿಡಿ ಇರತೈತಿ. ಅವರ ನಡುವ ನೀ ಯಾಕ? ನಾ ಹೇಳಾಕತ್ತೇನಿ, ಕೇಳು."

ಕೋಣೆಯೊಳಗಿಂದ ಊದುಬತ್ತಿಯ ಹೊಗೆ ಬಂತು. ರಾಜಾರಾಮ ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ. ಸೀತವ್ವ ಮೊಣಕಾಲು ನೀವುವುದನ್ನು ಬಿಟ್ಟಿದ್ದಳು. "ಅವರಿಗೆ ಬಾಯಿ ಇರಲಿಲ್ಲೇನು? ನಿಂದು ಎರವು ತಗೊಂಡ್ರೇನು?" ಎಂದು ಗಂಡನಿಗೆ ಕೇಳಿದಳು. ದನಿ ಎತ್ತರಿಸಲಿಲ್ಲ. ಪರಸಪ್ಪ ಅವಳತ್ತ ತಿರುಗಲಿಲ್ಲ.

ರಾಜಾರಾಮ ಕಾಲುಚೀಲ ತೆಗೆದು ಹಾಕಿಕೊಂಡ. ಒಂದೊಂದೇ ಬೂಟಿಗೆ ಕಾಲು ತೂರಿಸಿ, ಲಾಡಿಯನ್ನು ಎಂದೂ ಇಲ್ಲದಷ್ಟು ಸಾವಕಾಶ ಕಟ್ಟಿದ. ಎದ್ದು ನಿಂತು, "ಆತ್ರಿ" ಎಂದ. ಅಪ್ಪನ ಜೊತೆ ಅವನು ಯಾವತ್ತೂ ರೀ ಹಚ್ಚಿ ಮಾತಾಡಿದವನಲ್ಲ. ಗೇಟಿನಲ್ಲಿ ಹೊರಗಿನವರು ಪರಸಪ್ಪನಿಗೆ ಅನ್ನುತ್ತಾರಲ್ಲ, ಹಾಗೆ ಅಂದ. ಬೇವಿನ ಗಿಡದ ಕಡೆ ನಡೆದ. ಸೀತವ್ವ ಕಂಬ ಹಿಡಿದು ಎದ್ದು, ಕುಂಟುತ್ತ ಅವನ ಹಿಂದೆ ಹೋದಳು.

ಮುಹೂರ್ತದ ಹೊತ್ತಿಗೆ ಕೋಣೆಯೂ ಪಡಸಾಲೆಯೂ ತುಂಬಿದವು. ಬಬಲೇಶ್ವರದಿಂದ, ಜೈನಾಪುರದಿಂದ ದೊಡ್ಡ ಪಡಗಳ ಯಜಮಾನರು ಬಂದಿದ್ದರು. ವಿಜಾಪುರದ ಒಂದು ಬ್ಯಾಂಕಿನ ಮ್ಯಾನೇಜರು ವಿಜಯಲಕ್ಷ್ಮೀ ಮೇಡಂ ಬಂದಿದ್ದರು. ಅವರು ಈ ಕಡೆಯವರಲ್ಲ, ಬದಲಿಯಾಗಿ ಬಂದು ಬಹಳ ದಿನ ಆಗಿರಲಿಲ್ಲ. ಹೂವು ಸುತ್ತಿದ ಕುರ್ಚಿಯಲ್ಲಿ ಸಾವಕಾರರ ಮಗ ಅರುಣಕುಮಾರ ಕೂತ. ಪರಸಪ್ಪ ಪಡಸಾಲೆಯ ಕೆಳಗೆ ಬಿಸಿಲಲ್ಲಿ ನಿಂತು, ಜನರ ಭುಜಗಳ ನಡುವೆ ಕಂಡಷ್ಟು ನೋಡಿದ.

ಆರತಿ ಆಯಿತು. ಕಾಶಿಬಾಯಿ ವಿಭೂತಿ ಬಟ್ಟಲು ಹಿಡಿದು ಮಷೀನುಗಳ ಮುಂದೆ ಬಂದಳು. ಎಮ್ಮೆಗೆ, ಟ್ರ್ಯಾಕ್ಟರಿಗೆ, ಹೊಸ ತಿಜೋರಿಗೆ ಹಚ್ಚಿದ ಕೈ ಅದು. ಯಾವ ವಸ್ತುವಿಗೂ ಹಣೆ ಎಲ್ಲಿರುತ್ತದೆಂದು ಆ ಕೈಗೆ ಗೊತ್ತು. ಪ್ರತಿ ಮಷೀನಿನ ಮುಖದಲ್ಲೂ ನಡುವೆ ಒಂದು ದುಂಡನೆಯ ಹೊಳೆಯುವ ಬಟನು ಇತ್ತು. ಅದೇ ಹಣೆ ಎಂದು ಮೂರು ಬೆರಳಿಂದ ವಿಭೂತಿ ಎಳೆದು, ನಡುವೆ ಹೆಬ್ಬೆರಳಿಂದ ಕುಂಕುಮ ಇಟ್ಟು, ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟಳು. ಒಂದಕ್ಕೆ ಮಾತ್ರ ಕುಂಕುಮ ಉದುರಿತೆಂದು ಇನ್ನೊಮ್ಮೆ ತೆಗೆದು ಒತ್ತಿ ಹಚ್ಚಿದಳು.

ಅರುಣಕುಮಾರ ಕೀಲಿ ಒತ್ತಿದ. ಚಪ್ಪಾಳೆ ಬಿತ್ತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಸಿರು ಸಾಲುಗಳು ಒಂದರ ಕೆಳಗೊಂದು ಇಳಿಯಹತ್ತಿದವು. ಹಿರಿಯರು ಏನೂ ತಿಳಿಯದೆ ತಲೆದೂಗಿದರು. ಆಮೇಲೆ ಒಂದು ಸಾಲು ಕೆಂಪಾಯಿತು. ಅದರ ಹಿಂದೆ ಎಲ್ಲವೂ ನಿಂತವು.

ಅರುಣಕುಮಾರ ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಆಮೇಲೆ ಗಿಡದ ಕೆಳಗಿದ್ದ ರಾಜಾರಾಮನಿಗೆ ಫೋನು ಹಚ್ಚಿದ. ಒಂದು ಮಷೀನು ಆರಿದೆ, ಅದರ ಬಟನಿನಲ್ಲಿ ದೀಪ ಇದೆಯೋ ಇಲ್ಲವೋ ನೋಡಿ ಹೇಳಿರಿ ಎಂದು ಅತ್ತಲಿಂದ ಮಾತು ಬಂತು. ಅರುಣಕುಮಾರ ಕುರ್ಚಿ ಬಿಟ್ಟು ಏಳಲಿಲ್ಲ, ಕೂತಲ್ಲಿಂದಲೇ ಕತ್ತು ಹೊರಳಿಸಿ ನೋಡಿದ. ಕಂಡದ್ದು ಹೂವು, ವಿಭೂತಿ, ಕುಂಕುಮ. ಎಲ್ಲ ಚಾಲೂ ಇವೆ ಎಂದುಬಿಟ್ಟ. ಅಯ್ಯನವರು ಮುಹೂರ್ತ ಮೀರುತ್ತದೆ ಎಂದರು. ಹೊರಗೆ ಹೋಳಿಗೆ ಬೇಯುವ ವಾಸನೆ ಬಂತು, ಹಿರಿಯರು ಕೆಮ್ಮಹತ್ತಿದರು. ಕಂತ್ರಾಟಿನ ಮಂದಿಯನ್ನು ನಂಬಿದರೆ ಹೀಗೇ ಆಗುವುದು ಎಂದು ಅರುಣಕುಮಾರ ಎಲ್ಲರಿಗೂ ಕೇಳುವಂತೆ ಅಂದ. ಸಾವಕಾರರ ಕಿವಿ ಕೆಂಪಾದವು.

ಊದುಬತ್ತಿಯ ಹೊಗೆ ತಡೆಯದೆ ಮೇಡಂ ಪಡಸಾಲೆಗೆ ಬಂದರು. ಇದನ್ನೆಲ್ಲ ಮಾಡಿದವರು ಯಾರೆಂದು ಕೇಳಿದರು. ಯಾರೋ ಬೇವಿನ ಗಿಡದತ್ತ ಕೈ ತೋರಿಸಿದರು.

"ಅವರು ಯಾಕೆ ಅಲ್ಲಿ ಕೂತಿದ್ದಾರೆ?" ಎಂದು ಮೇಡಂ ಬೆರಗಾದರು. "ಒಳಗೆ ಕರೆದು ತೋರಿಸಬಾರದೆ?"

ಸಾವಕಾರರು ಮುಂದೆ ಬಂದರು. ಮುಖದಲ್ಲಿ ನಗು ಬಂತು, ತಡವಾಗಿ ಬಂದರೂ ಪೂರಾ ಬಂತು.

"ನಾವು ಬಾ ಬಾ ಅಂತೀವ್ರಿ ಮೇಡಂ. ಅವರಪ್ಪಂದು ಹಳೇ ತಲಿ. ಮಗನ್ನ ಒಳಗ ಬಿಡವಲ್ಲ." ಪಡಸಾಲೆಯ ಕೆಳಗೆ ತಿರುಗಿದರು. "ಏ ಪರಸ್ಯಾ, ಅವನ್ನ ಯಾಕ ಹೊರಗ ಕುಂಡ್ರಿಸಿದಿ? ಯಾರರೆ ಹೇಳಿದ್ರೇನು ನಿನಗ?"

ಎಲ್ಲ ಮುಖಗಳೂ ಪರಸಪ್ಪನ ಕಡೆ ತಿರುಗಿದವು. ಗಿಡದ ಕೆಳಗೆ ರಾಜಾರಾಮ ಎದ್ದು ನಿಂತಿದ್ದ. ಸಣ್ಣವನಿದ್ದಾಗ ಒಮ್ಮೆ ಬಾವಿಯ ಮೆಟ್ಟಿಲಲ್ಲಿ ಕಾಲು ಜಾರಿ, ಕೂಗಲಿಕ್ಕೂ ಉಸಿರಿಲ್ಲದೆ ಅಪ್ಪನನ್ನು ನೋಡಿದ್ದ. ಆ ದಿನ ಪರಸಪ್ಪ ಹಾರಿ ಹಿಡಿದಿದ್ದ. ಈಗಲೂ ಅವನು ಹಾಗೇ ನೋಡುತ್ತಿದ್ದ. ಬೇಕಾದದ್ದು ಒಂದೇ ಮಾತು. ಸಾವಕಾರ್ರ, ನೀವಽ ಹೇಳಿದ್ರಲ್ರಿ. ಆ ಮಾತು ಪರಸಪ್ಪನ ಗಂಟಲಿಗೆ ಬಂತು, ನಾಲಿಗೆಯ ಬುಡಕ್ಕೂ ಬಂತು. ಸಾವಕಾರರು ನಗುತ್ತಲೇ ಇದ್ದರು. ಅವರ ಕಣ್ಣು ಮಾತ್ರ ನಗುತ್ತಿರಲಿಲ್ಲ. ಖಾಯಂ ಆಗುವ ಕೆಲಸ ಪರಸಪ್ಪನ ಕಣ್ಣ ಮುಂದೆ ಬಂತು. ಇಷ್ಟು ವರ್ಷ ತಾನು ತೆಗೆದು ಮುಚ್ಚಿದ ಗೇಟು ಬಂತು.

"ಹೌದ್ರಿ" ಎಂದ. "ನಾನಽ ಹೇಳೀನ್ರಿ. ಯಾರೂ ಹೇಳಿಲ್ರಿ."

ಮೇಡಂ ಒಳ್ಳೆಯ ಮನಸ್ಸಿನವರು. ಪಡಸಾಲೆಯ ಅಂಚಿಗೆ ಬಂದು, ಕಾಲ ಬದಲಾಗಿದೆ, ಹಿರಿಯರಾದವರೇ ಹೀಗೆ ತಮ್ಮ ಮಕ್ಕಳನ್ನು ಹಿಂದಕ್ಕೆ ಎಳೆಯಬಾರದು, ನಿಮ್ಮಂಥವರು ಮೊದಲು ಬದಲಾಗಬೇಕು ಎಂದು ಅವನಿಗೆ ಸಮಾಧಾನದಿಂದ ತಿಳಿಹೇಳಿದರು. ಯಜಮಾನರೆಲ್ಲ ಹೌದೆಂದರು. ಎಲ್ಲರಿಗಿಂತ ಹೆಚ್ಚು ತಲೆ ಅಲ್ಲಾಡಿಸಿದವರು ಸಾವಕಾರರು. ಪರಸಪ್ಪ ಕೈ ಮುಗಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡ.

"ಬಾರಪಾ ರಾಜಾರಾಮ, ಬಾ ಒಳಗ" ಎಂದು ಸಾವಕಾರರು ಈಗ ಬಾಯ್ತುಂಬ ಕರೆದರು.

ರಾಜಾರಾಮ ಗಿಡದ ನೆರಳಿನ ಅಂಚಿನ ತನಕ ಬಂದು ನಿಂತ.

"ಇಲ್ರಿ. ನಮ್ಮಪ್ಪನ ಮಾತು ನಾ ಮೀರಂಗಿಲ್ರಿ." ಆಮೇಲೆ ಅಪ್ಪನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವಽ ಹೋಗ್ರಿ. ಮ್ಯಾಲಿಂದ ಮೂರನೇ ಮಷೀನು. ಆಯಿಯವರು ಕುಂಕುಮ ಹಚ್ಚ್ಯಾರಲ್ಲ, ಅದಽ ಬಟನ್. ಅವರ ಕೈ ಹತ್ತಿ ಬಂದ್ ಆಗೇತಿ. ಇನ್ನೊಮ್ಮೆ ಒತ್ತಿ ಬರ್ರಿ, ಚಾಲೂ ಆಗತೈತಿ."

ಯಾರೋ ಬಟನು ಒತ್ತಿದರೆಂದು ಮಷೀನು ಆರುವ ಮೊದಲೇ ಅವನ ಲ್ಯಾಪ್‌ಟಾಪಿಗೆ ಹೇಳಿತ್ತಂತೆ. ಆರತಿಯ ಹೊತ್ತಿನಲ್ಲಿ ಇನ್ನಾರು ಒತ್ತುತ್ತಾರೆ? ಅದು ಅವನಿಗೆ ಎಷ್ಟು ಹೊತ್ತಿನಿಂದ ಗೊತ್ತಿತ್ತೋ, ಗೊತ್ತಿದ್ದೂ ಎಷ್ಟು ಹೊತ್ತು ಸುಮ್ಮನಿದ್ದನೋ, ಅವನೇ ಬಲ್ಲ.

ಸಾವಕಾರರ ಬಾಯಿ ತೆರೆಯಿತು, ಮುಚ್ಚಿತು. ಹೋಗಿ ಯಜಮಾನರೇ, ಹೆದರಬೇಡಿ ಎಂದು ಮೇಡಂ ಪರಸಪ್ಪನಿಗೆ ದಾರಿ ಬಿಟ್ಟರು. ಅವರ ಮುಂದೆ ಇನ್ನೇನು ಅನ್ನಲಿಕ್ಕಾಗುತ್ತಿತ್ತು? "ಹೋಗಪಾ ಪರಸಪ್ಪ" ಎಂದರು ಸಾವಕಾರರು.

ಪರಸಪ್ಪ ಮಗನನ್ನು ನೋಡಿದ. ಬ್ಯಾಡೋ ಎಂದು ಕಣ್ಣಲ್ಲೇ ಕೇಳಿದ. ರಾಜಾರಾಮ ಆಗಲೇ ಲ್ಯಾಪ್‌ಟಾಪಿನ ಮೇಲೆ ಬಾಗಿದ್ದ.

ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. ಪಡಸಾಲೆಯ ಜನ ಎರಡೂ ಕಡೆ ಸರಿದರು, ಬೇಕಾದ್ದಕ್ಕಿಂತ ಹೆಚ್ಚೇ ಸರಿದರು. ಕೋಣೆಯೊಳಗೆ ಥಂಡಿ, ಕಾಲ ಕೆಳಗೆ ಇನ್ನೂ ಹಸಿ ನೆಲ. ಅಯ್ಯನವರು ಗೋಡೆಯ ಕಡೆ ಮುಖ ಮಾಡಿದರು. ಯಾರಾದರೂ ಹೇಳುವ ಮೊದಲೇ ಅರುಣಕುಮಾರ ಕುರ್ಚಿಯನ್ನು ಗರಕ್ಕನೆ ಹಿಂದಕ್ಕೆ ಎಳೆದುಕೊಂಡ. ಕಾಶಿಬಾಯಿ ಕಲಶದ ತಟ್ಟೆಯನ್ನು ಎತ್ತಿ ಎದೆಗೆ ಅವಚಿಕೊಂಡಳು. ಮೂರನೆಯ ಮಷೀನಿನ ಮುಂದೆ ಬಾಗಿ ಪರಸಪ್ಪ ಹೂವಿನ ಮಾಲೆಯನ್ನು ಬೆರಳ ತುದಿಯಿಂದ ಸರಿಸಿದ. ಕುಂಕುಮ ದಪ್ಪಗಿತ್ತು. ಒತ್ತಿದ, ಆಗಲಿಲ್ಲ. ಬೆನ್ನ ಮೇಲೆ ಅಷ್ಟೂ ಕಣ್ಣುಗಳ ಭಾರ. ಬಲ ಹಾಕಿ ಇನ್ನೊಮ್ಮೆ ಒತ್ತಿದ. ಮಷೀನಿನೊಳಗೆ ಏನೋ ಗುಂಯ್ ಎಂದು ತಿರುಗಹತ್ತಿತು.

ಅವನು ಹೊಸ್ತಿಲು ದಾಟುವಷ್ಟರಲ್ಲಿ ಪರದೆಯ ಮೇಲಿನ ಕೆಂಪು ಹಸಿರಾಯಿತು, ನಿಂತ ಸಾಲುಗಳು ಮುಂದೆ ಓಡಿದವು. ಒಳಗೆ ಜೋರು ಚಪ್ಪಾಳೆ ಬಿತ್ತು. ಅರುಣಕುಮಾರನ ಕೊರಳಿಗೆ ಮಾಲೆ ಬಿತ್ತು. ಮೇಡಂ ಕೆಳಗಿಳಿದು ಪೆಂಡಾಲಿನ ಕಡೆ ಹೋದ ಮೇಲೆ, ಬೆನ್ನ ಹಿಂದೆ ಕಾಶಿಬಾಯಿ ನೀರು ತರಲು ಸೊಸೆ ಅನುರಾಧಾಳಿಗೆ ಮೆಲ್ಲಗೆ ಹೇಳುವುದು ಪರಸಪ್ಪನಿಗೆ ಕೇಳಿತು. ನೆಲಕ್ಕೆ ನೀರು ಬಿದ್ದದ್ದೂ ಕೇಳಿತು. "ಪರಸ್ಯಾ, ಹಿತ್ತಲಕಡೆ ಎಲಿ ಹಾಕ್ಯಾರ. ಸೀತವ್ವನ್ನ ಕರಕೊಂಡು ಹೊಟ್ಟಿ ತುಂಬ ಉಣ್ರಿ" ಎಂದೂ ಆಕೆ ಕೂಗಿ ಹೇಳಿದಳು. ಆ ದನಿಯಲ್ಲಿ ಕಪಟವೇನೂ ಇರಲಿಲ್ಲ.

ಪೆಂಡಾಲಿನಲ್ಲಿ ಮೈಕು ಹಿಡಿದು ಸಾವಕಾರರು ಬಹಳ ಮಾತಾಡಿದರು. ಇವತ್ತಿನಿಂದ ಕ್ಲೌಡಿನ ಪೂರಾ ಜವಾಬ್ದಾರಿ ಅರುಣಕುಮಾರನದು ಎಂದರು. ಮಷೀನು ಮುಟ್ಟದೆಯೇ ಎಲ್ಲ ಮಾಡುವಂಥ ಹುಷಾರಿ ಹುಡುಗ ರಾಜಾರಾಮ, ಅವನು ಇನ್ನು ಬಬಲೇಶ್ವರದ ಸ್ಟೋರೇಜಿನಲ್ಲಿ, ಗೇಟಿನ ಕೋಣೆಯಲ್ಲಿ ಕೂತು ಕೆಲಸ ನೋಡಿಕೊಳ್ಳುತ್ತಾನೆ ಎಂದರು. ಎಲ್ಲಿ ಕೂತರೇನು, ಕೆಲಸ ಆಗುತ್ತದಲ್ಲ ಎಂದು ನಕ್ಕರು. ಜನರೂ ನಕ್ಕರು. ಖಾಯಂ ಮಾಡುವ ಮಾತು ಮಾತ್ರ ಬರಲೇ ಇಲ್ಲ.

ಹಿತ್ತಲಲ್ಲಿ ಸೀತವ್ವ ಇರಲಿಲ್ಲ, ರಾಜಾರಾಮನೂ ಇರಲಿಲ್ಲ. ಎರಡು ಎಲೆ ಬಡಿಸಿದ್ದು ಬಡಿಸಿದಂತೆ ಇದ್ದವು, ಹೋಳಿಗೆಯ ಮೇಲಿನ ತುಪ್ಪಕ್ಕೆ ನೊಣ ಮುತ್ತುತ್ತಿದ್ದವು. ಪರಸಪ್ಪ ಸ್ವಲ್ಪ ಹೊತ್ತು ಅವುಗಳ ಮುಂದೆ ನಿಂತ. ಅಷ್ಟರಲ್ಲಿ ಗೇಟಿನ ಕಡೆ ಹಾರ್ನು ಬಡಿಯಹತ್ತಿತು, ಮೌಲಾಸಾಬ ಅವನ ಹೆಸರು ಹಿಡಿದು ಕೂಗಿದ. ಊಟ ಮುಗಿಸಿದ ದೊಡ್ಡವರು ಹೊರಡುತ್ತಿದ್ದರು.

ಓಡಿಹೋಗಿ ಗೇಟು ಹಿಡಿದ. ಕಾರು ಬಂದರೆ ಬಾಗಿಲು ಸರಿಸುವುದು, ಬಲಗೈ ಎತ್ತಿ ಸಲಾಮು ಮಾಡುವುದು, ಹೋದ ಮೇಲೆ ಕೈ ಇಳಿಸುವುದು. ಜೈನಾಪುರದವರ ಜೀಪು ಹೋಯಿತು. ಮೇಡಂ ಗಾಜು ಇಳಿಸಿ, ನಾನು ಹೇಳಿದ್ದು ನೆನಪಿರಲಿ ಎಂದು ನಕ್ಕು ಹೋದರು. ಅಯ್ಯನವರ ಕಾರು ಹೋಯಿತು. ಧೂಳಿಗೆ ಪರಸಪ್ಪನ ಕಣ್ಣು ಉರಿಯುತ್ತಿದ್ದವು, ಆಮೇಲಾಮೇಲೆ ಯಾರು ಏನೆಂದು ನೋಡದೆ ಗೇಟು ಸರಿಸಿದ, ಕೈ ಎತ್ತಿದ.

ಸಣ್ಣದೊಂದು ಹಾರ್ನು ಕೇಳಿತು. ಗೇಟು ಸರಿಸಿ ಕೈ ಎತ್ತಿದ. ಎತ್ತಿದ ಮೇಲೆ ಕಂಡದ್ದು ರಾಜಾರಾಮನ ಬೈಕು. ಹಿಂದೆ ಸೀತವ್ವ, ಇಳಕಲ್ ಸೀರೆಯ ಸೆರಗು ಹಾರದಂತೆ ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ರಾಜಾರಾಮ ಬೈಕು ನಿಲ್ಲಿಸಲಿಲ್ಲ, ಜೋರಾಗಿ ಓಡಿಸಲೂ ಇಲ್ಲ. ಸಾವಕಾರರ ಮನೆಯವರು ಹೋಗುವಾಗ ನೋಡುವಂತೆ ನೆಟ್ಟಗೆ ರಸ್ತೆಯನ್ನೇ ನೋಡುತ್ತ ಗೇಟು ದಾಟಿದ.

ಅದರ ಬೆನ್ನಿಗೇ ಇನ್ನೊಂದು ಕಾರು ಬರುತ್ತಿತ್ತು. ಪರಸಪ್ಪ ಎತ್ತಿದ ಕೈ ಇಳಿಸದೆ ಹಾಗೇ ನಿಂತ.